ಫ್ಯಾನ್ ಸ್ವಿಚ್ ಯಾವ್ದು ಸ್ವಾಮಿ?

ನಿನ್ನೆ ಬೆಳಿಗ್ಗೆ ಹೋಟೆಲಲ್ಲಿ ಇಡ್ಲಿ ತಿಂದು ದುಡ್ಡು ಕೊಡೋಣ ಅಂತ ಫೋನ್ ತೆಗೆದ್ರೆ ಪೇಮೆಂಟ್ ಆಪು ರಾತ್ರೋರಾತ್ರಿ ಅಪ್‌ಡೇಟ್ ಆಗಿ ಕೂತಿದೆ. "ಹೊಸ ರೂಪ, ಹೊಸ ಅನುಭವ" ಅಂತ ಒಂದು ಸ್ಕ್ರೀನು, ಅದನ್ನ ಮುಚ್ಚಿದ್ರೆ ಬಣ್ಣದ ಕಾಗದ ಉದುರಿಸೋ ಇನ್ನೊಂದು ಸ್ಕ್ರೀನು, ಅದನ್ನೂ ಮುಚ್ಚಿದ್ರೆ ಚಿನ್ನ ತಗೋತೀರಾ, ಸಾಲ ಬೇಕಾ, ಕ್ರೆಡಿಟ್ ಸ್ಕೋರ್ ನೋಡ್ತೀರಾ ಅಂತ ವಿಚಾರಣೆ, ಸ್ಕ್ಯಾನ್ ಮಾಡೋ ಬಟನ್ ಒಂದು ಬಿಟ್ಟು ಇನ್ನೆಲ್ಲಾ ಇದೆ. ಹಿಂದೆ ನಿಂತೋರು ಲೊಚಗುಟ್ಟೋಕೆ ಶುರು ಮಾಡಿದ್ರು, ಕ್ಯಾಶಿಯರ್ "ಸಾರ್ ಸ್ವಲ್ಪ ಸೈಡಿಗೆ ಬಂದು ನೋಡ್ಕೊಳಿ" ಅಂದ್ರು. ಅಲ್ಲ ಸ್ವಾಮಿ, ಎರಡಿಡ್ಲಿ ತಿಂದಿದ್ದಕ್ಕೆ ಪರ್ಸನಲ್ ಲೋನ್ ಯಾಕ್ರೀ ಬೇಕು?

ಇಂಥದ್ದು ಆದಾಗೆಲ್ಲ ನನಗೆ ಆಪಿನ ಮೇಲಲ್ಲ, ನಮ್ಮ ಭಾಮೈದನ ಮೇಲೆ ಸಿಟ್ಟು ಬರುತ್ತೆ. ಪಾಪ ಅವನು ಆ ಕಂಪನಿಯವನಲ್ಲ, ಆದ್ರೆ ಅದೇ ಜಾತಿ ಕೆಲಸ. ಯುಎಕ್ಸ್ ಡಿಸೈನರು, ಅಂದ್ರೆ ಆಪು, ವೆಬ್‌ಸೈಟು ಬಳಸೋರಿಗೆ ಸಲೀಸಾಗ್ಲಿ ಅಂತ ರೂಪಿಸೋನು. ಬೆಂಗಳೂರಲ್ಲಿ ಎಲ್ಲೇ ಡಿಸೈನ್ ಕಾನ್ಫರೆನ್ಸ್ ನಡೀಲಿ ಕತ್ತಿಗೊಂದು ಟ್ಯಾಗ್ ನೇತಾಕ್ಕೊಂಡು ಹೋಗ್ತಾನೆ, ಬರುವಾಗ ಒಂದು ಬಟ್ಟೆ ಬ್ಯಾಗು, ಒಂದು ನೀರಿನ ಬಾಟ್ಲು, ಬಣ್ಣಬಣ್ಣದ ಅಂಟಿಸೋ ಚೀಟಿಗಳು, ಇವೆಲ್ಲದರ ಜೊತೆ ನಮ್ಮ ಮನೆಯಲ್ಲಿ ಏನೇನು ಸರಿ ಇಲ್ಲ ಅನ್ನೋ ಜ್ಞಾನ ತರ್ತಾನೆ.

ಈ ಸಮ್ಮೇಳನಗಳೇನು ಇವತ್ತು ನಿನ್ನೆಯದಲ್ಲ. ಕಂಪ್ಯೂಟರ್ ಬಳಸೋ ಮನುಷ್ಯನ ಕಷ್ಟ ಏನು ಅಂತ ತಲೆ ಕೆಡಿಸಿಕೊಳ್ಳೋಕೆ 1982ರಲ್ಲೇ ಅಮೆರಿಕದ ಗೇಯ್ದರ್ಸ್‌ಬರ್ಗ್‌ನಲ್ಲಿ ಸೇರಿದ್ರು, ಅದೇ ಮುಂದೆ 'ಕೈ' (CHI) ಅಂತ ಪ್ರತಿ ವರ್ಷದ ದೊಡ್ಡ ಸಮ್ಮೇಳನ ಆಯ್ತು. ಇಂಟರ‍್ಯಾಕ್ಷನ್ ಡಿಸೈನರ್‌ಗಳದ್ದೇ, ಅಂದ್ರೆ ನಮ್ಮ ಭಾಮೈದನಂಥವರದ್ದೇ, ಒಂದು ಸಂಘ 2008ರಲ್ಲಿ ಅಮೆರಿಕದ ಸವಾನಾ ಅನ್ನೋ ಊರಲ್ಲಿ ಶುರು ಮಾಡಿ ಡಬ್ಲಿನ್, ಹೆಲ್ಸಿಂಕಿ, ಮಿಲಾನ್ ಅಂತ ಊರೂರು ಸುತ್ತಿ ಸಮ್ಮೇಳನ ಮಾಡ್ತು, 2024ರಲ್ಲಿ ಆ ಸಂಘವೇ ಬಾಗಿಲು ಹಾಕ್ಕೊಳ್ತೀವಿ ಅಂತ ಹೇಳ್ತು. ಆ ಬಾಗಿಲು ತಳ್ಳೋದೋ ಎಳೆಯೋದೋ ಅಂತ ಅಲ್ಲೂ ಒಂದು ಚರ್ಚೆ ಆಗಿರುತ್ತೆ ಬಿಡಿ. ಯಾಕಂದ್ರೆ ಇವರೆಲ್ಲರ ಗುರು ಡಾನ್ ನಾರ್ಮನ್ 1988ರಲ್ಲೇ ಪುಸ್ತಕ ಬರೆದು ಹೇಳಿದಾರೆ, ಬಾಗಿಲು ತಳ್ಳಬೇಕೋ ಎಳೀಬೇಕೋ ಗೊತ್ತಾಗದೆ ನೀವು ಪೆಕರು ಥರ ನಿಂತ್ರೆ ತಪ್ಪು ನಿಮ್ಮದಲ್ಲ, ಬಾಗಿಲು ಮಾಡಿದವನದು ಅಂತ. ಅಂಥ ಬಾಗಿಲಿಗೆ 'ನಾರ್ಮನ್ ಡೋರ್' ಅಂತಲೇ ಹೆಸರು. ಅಷ್ಟು ವರ್ಷದ ಹಿಂದೆ ಹೇಳಿದ್ರೂ ಬೆಂಗಳೂರಿನ ಒಂದೊಂದು ಆಫೀಸಲ್ಲೂ ಗಾಜಿನ ಬಾಗಿಲಿಗೆ ಎರಡೂ ಕಡೆ ಎಳೆಯೋ ಹಿಡಿಕೆನೇ ಹಾಕ್ತಾರೆ, ಎಳೆದ್ರೆ ಬರಲ್ಲ, ಒಳಗಿಂದ ಸೆಕ್ಯೂರಿಟಿಯವರು ಕೈಸನ್ನೆಲಿ ತಳ್ಳಿ ತಳ್ಳಿ ಅಂತಾರೆ. ಅವರೇ ಆ ಬಾಗಿಲಿನ ಯೂಸರ್ ಮ್ಯಾನ್ಯುಯಲ್ಲು.

ಭಾಮೈದನ ಜೊತೆ ಮದುವೆ ಊಟಕ್ಕೆ ಕೂರೋದು ಅಂದ್ರೆ ಇನ್ನೊಂದು ಕಥೆ. ಎಲೆ ಹಾಕ್ತಿದ್ದಂಗೆ ಫೋಟೋ. "ಭಾವ, ಇದಕ್ಕಿಂತ ಒಳ್ಳೆ ಇಂಟರ್‌ಫೇಸ್ ಪ್ರಪಂಚದಲ್ಲಿಲ್ಲ, ತುದಿ ಎಡಕ್ಕೆ, ಉಪ್ಪು ಎಡಮೂಲೆಗೆ, ಕೋಸಂಬರಿ ಪಲ್ಯ ಮೇಲುಗಡೆ, ಯಾವ ಊರಿನ ಛತ್ರಕ್ಕೆ ಹೋದ್ರೂ ಯಾರೂ ಕಲಿಸಿಕೊಡಬೇಕಾಗಿಲ್ಲ" ಅಂತ ಶುರು ಮಾಡಿದ, ಅನ್ನ ಬಡಿಸೋರು ಸೌಟು ಎತ್ತಿ ಹಿಡ್ಕೊಂಡು ನಿಂತೇ ಇದಾರೆ, ಪಕ್ಕದ ಎಲೆಯ ಯಜಮಾನರು ಸಾರಿಗೆ ಕಟ್ಟೆ ಕಟ್ಟಿಕೊಂಡು ಇವನ ಭಾಷಣ ಮುಗಿಯೋದನ್ನೇ ಕಾಯ್ತಾ ಇದಾರೆ. ಬೇಡ ಅನ್ನೋಕೆ ಎಲೆ ಮೇಲೆ ಕೈ ಅಡ್ಡ ಹಿಡಿದ್ರೆ ಸಾಕಂತೆ, ಅದೇ ಕ್ಯಾನ್ಸಲ್ ಬಟನ್ನಂತೆ. ಹೇಳ್ತಾ ಹೇಳ್ತಾ ಕೈ ಅಡ್ಡ ಹಿಡಿದು ತೋರಿಸಿದ, ಬಡಿಸೋರು ಬೆರಳ ಸಂದೀಲೇ ಹೋಳಿಗೆ ತೂರಿಸಿ ಅದರ ಮೇಲೆ ತುಪ್ಪಾನೂ ಹುಯ್ದು ಮುಂದಕ್ಕೆ ಹೋದ್ರು. ಬೇಡ ಅಂದ್ರೂ ಗ್ರಾಹಕನ ಕುತ್ತಿಗೆಗೆ ಕಟ್ಟೋ ಇಂಥ ಆಪ್ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು, ಕೇಂದ್ರ ಸರ್ಕಾರ 2023ರಲ್ಲಿ 13 ಬಗೆ ಪಟ್ಟಿ ಮಾಡಿ ಮಾಡಕೂಡದು ಅಂದಿದೆ. ಹೋಳಿಗೆ ಆ ಪಟ್ಟೀಲಿಲ್ಲ, ಮುಂದಿನ ಸಲ ಸೇರಿಸ್ಲಿ. ತುಪ್ಪದ ಕೈಲೇ ಮೊಬೈಲ್ ಎತ್ತಿಕೊಂಡು ಅವನು ಇನ್ನೊಂದು ಫೋಟೋ ತೆಗೆದ, ಮುಂದಿನ ಪ್ರೆಸೆಂಟೇಷನ್‌ಗೆ ಬೇಕಂತೆ.

ಇಷ್ಟಕ್ಕೇ ನಿಂತಿದ್ರೆ ಚೆನ್ನಾಗಿತ್ತು. ಕಳೆದ ಸಮ್ಮೇಳನ ಮುಗಿಸ್ಕೊಂಡು ಬಂದವನ ಕಣ್ಣು ನಮ್ಮ ಹಾಲಿನ ಸ್ವಿಚ್ ಬೋರ್ಡ್ ಮೇಲೆ ಬಿತ್ತು. ನಿಮ್ಮನೇಲೂ ಇರುತ್ತಲ್ಲ, ಒಂದೇ ಸೈಜಿನ ಸ್ವಿಚ್ಚುಗಳ ಸಾಲು, ಬಂದ ನೆಂಟರು ಫ್ಯಾನ್ ಹಾಕೋಕೆ ಹೋಗಿ ಟ್ಯೂಬ್‌ಲೈಟು, ಬಾಲ್ಕನಿ ಲೈಟು, ಜೀರೋ ಬಲ್ಬು ಎಲ್ಲಾ ಹಚ್ಚಿ ಆರಿಸಿ ಕೊನೆಗೆ ಟೀವಿ ಆಫ್ ಮಾಡ್ತಾರಲ್ಲ, ಅದೇ. ನೋಡಿದವನೇ "ಮ್ಯಾಪಿಂಗ್ ಸರಿ ಇಲ್ಲ ಭಾವ, ಯಾವ ಸ್ವಿಚ್ಚು ಯಾವುದಕ್ಕೆ ಅಂತ ನೋಡಿದ್ರೆ ಗೊತ್ತಾಗಲ್ಲ" ಅಂತ ಒಂದೊಂದು ಸ್ವಿಚ್ಚಿಗೂ ಒಂದೊಂದು ಬಣ್ಣದ ಚೀಟಿ ಅಂಟಿಸಿದ. ಫ್ಯಾನ್ ಹಾಕ್ತಿದ್ದಂಗೆ ಚೀಟಿ ಹಾರಿ ಹೋಯ್ತು. ಆಗ ಅವನ ಅಕ್ಕ, ಅಂದ್ರೆ ನನ್ನ ಹೆಂಡತಿ, "ಒಂದು ಒಳ್ಳೇದು ನೀನೇ ಹಾಕ್ಸಿಕೊಡೋ" ಅಂದ್ಲು. ಅಂದಿದ್ದೇ ತಡ, ಕರಿ ಗಾಜಿನ ಟಚ್ ಪ್ಯಾನೆಲ್ ಬಂತು. ನುಣ್ಣಗೆ, ನೀಲಿ ಚುಕ್ಕಿ ಇರೋದು, ಫೋನಿನಿಂದಲೂ ನಡೆಯುತ್ತೆ.

ಅಪ್ಪನಿಗೆ ಪೊರೆ ಆಪರೇಷನ್ ಆದ್ಮೇಲೂ ರಾತ್ರಿ ಹೊತ್ತು ಕಣ್ಣು ಅಷ್ಟಕ್ಕಷ್ಟೆ. ಅವರು ಹಳೇ ಬೋರ್ಡನ್ನ ನೋಡ್ತಾನೇ ಇರ್ಲಿಲ್ಲ, ಗೋಡೆ ಸವರಿ ಎಡಗಡೆಯಿಂದ ಎಣಿಸೋರು, ಮೂರನೇದು ಬಚ್ಚಲ ಲೈಟು. ಈಗ ಗಾಜಿನ ಮೇಲೆ ಸವರಿದ್ರೆ ಎಣಿಸೋಕೆ ಮುಂಚೆನೇ ಮುಟ್ಟಿದ್ದೆಲ್ಲಾ ಹೊತ್ಕೊಳತ್ತೆ. ರಾತ್ರಿ ಎರಡು ಗಂಟೆಗೆ ಅವರು ಬಚ್ಚಲಿಗೆ ಎದ್ರೆ ಹಾಲಲ್ಲಿ ದೀಪಾವಳಿ, ಎದುರು ಮನೆಯವರು ಬೆಳಿಗ್ಗೆ ಬಂದು ಏನಾದ್ರೂ ತೊಂದ್ರೆನಾ ಅಂತ ಕೇಳ್ಕೊಂಡು ಹೋದ್ರು. ಆ ಹಳೇ ಬೋರ್ಡಿನ ಸುತ್ತ ಗೋಡೆ ಮೇಲೆ ಅಪ್ಪನ ಬೆರಳು ಆಡಿ ಆಡಿ ಮಾಸಿದ ಗುರುತಿತ್ತು, ಪ್ಯಾನೆಲ್ ಕೂರಿಸಿ ಪುಟ್ಟಿ ಬಳಿದು ಪೇಂಟ್ ಹೊಡೆದಾಗ ಅದೂ ಹೋಯ್ತು. ಈಗ ಅವರು ತಲೆದಿಂಬಿನ ಪಕ್ಕ ಟಾರ್ಚ್ ಇಟ್ಕೊಂಡು ಮಲಗ್ತಾರೆ.

ಈ ಡಿಸೈನರುಗಳು ಏನೂ ಒಳ್ಳೇದು ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಮೊದಲು ದುಡ್ಡು ಕೈಗೆ ಬಂದ್ರೆ ಜನ ಅದನ್ನ ಎಣಿಸ್ತಾ ಎಟಿಎಮ್ಮಲ್ಲೇ ಕಾರ್ಡ್ ಮರೀತಾರೆ ಅಂತ ಕಂಡುಕೊಂಡು, ಕಾರ್ಡ್ ತಗೊಂಡ್ ಮೇಲೇ ದುಡ್ಡು ಬರೋ ಹಾಗೆ ಮಾಡಿದ ಪುಣ್ಯಾತ್ಮರೂ ಇದೇ ಜಾತಿಯವರು, ಅವರಿಗೆ ಕೈ ಮುಗೀತೀನಿ. ಪಾಸ್‌ವರ್ಡಿಗೆ ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲಾ ಇರ್ಲಿ, ಆಗಾಗ ಬದಲಾಯಿಸ್ತಾ ಇರ್ಲಿ ಅಂತ 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯ ಪರವಾಗಿ ನಿಯಮ ಬರೆದ ಬಿಲ್ ಬರ್ ಅನ್ನೋರು 2017ರಲ್ಲಿ ನನಗೆ ಪಶ್ಚಾತ್ತಾಪ ಆಗಿದೆ ಅಂದ್ರು. ಅವರ ಪಶ್ಚಾತ್ತಾಪ ಇನ್ನೂ ನನ್ನ ಆಫೀಸಿನ ಐಟಿಯವರ ತನಕ ಬಂದು ಮುಟ್ಟಿಲ್ಲ, ಅದು ಬೇರೆ ವಿಷಯ. ನನ್ನ ತಕರಾರು ಇಷ್ಟೇ, ಬೆರಳು ಕಲಿತುಬಿಟ್ಟಿರೋದನ್ನ ಕಿತ್ತು ಬೇರೆ ಕಡೆ ಇಟ್ಟು ಅದಕ್ಕೆ ಸುಧಾರಣೆ ಅಂತಾರಲ್ಲ, ಹಾಗೆ ಕಿತ್ತಿದ್ದಕ್ಕೆ ಸ್ಟೇಜ್ ಮೇಲೆ ಚಪ್ಪಾಳೆ ಬೇರೆ ಬೀಳುತ್ತಲ್ಲ, ಕೆಳಗೆ ಕೂತೋರಲ್ಲಿ ಟಾರ್ಚ್ ಹಿಡ್ಕೊಂಡು ಬಚ್ಚಲಿಗೆ ಹೋಗೋರು ಒಬ್ಬರೂ ಇರಲ್ಲ.

ಇದನ್ನೆಲ್ಲಾ ಭಾಮೈದನಿಗೆ ಸಿಟ್ಟಲ್ಲೇ ಹೇಳಿದೆ. ಬೈಸ್ಕೊಂಡ ಮುಖ ಒಂದಿಷ್ಟೂ ಇಲ್ಲ, ಖುಷಿಯಾಗಿ ಪಟಪಟ ಬರ್ಕೊಂಡ. ಈ ವಾರ ಫೋನ್ ಮಾಡಿದಾನೆ, ಮುಂದಿನ ಸಮ್ಮೇಳನದಲ್ಲಿ ಹಿರಿಯರು ಮತ್ತು ಸ್ಮಾರ್ಟ್ ಮನೆ ಅಂತ ಮಾತಾಡ್ತಾನಂತೆ, ಅದಕ್ಕೆ ಪರ್ಸೋನಾ ಬೇಕು, ಅಂದ್ರೆ ಬಳಸೋರ ಒಂದು ಮಾದರಿ ಜಾತಕ, ಹೆಸರು ವಯಸ್ಸು ಹವ್ಯಾಸ ಸಮೇತ, "ಮಾವನೋರ ಒಂದು ನಗ್ತಾ ಇರೋ ಫೋಟೋ ಕಳ್ಸಿ ಭಾವ" ಅಂದ. ಫೋನನ್ನ ಅಪ್ಪನ ಕೈಗೇ ಕೊಟ್ಟೆ.

"ಧಾರಾಳವಾಗಿ ಹಾಕ್ಕೊಳಪ್ಪಾ" ಅಂದ್ರು ಅಪ್ಪ. "ಬರುವಾಗ ಹಾಗೇ ಒಬ್ಬ ಎಲೆಕ್ಟ್ರಿಷಿಯನ್‌ನೂ ಕರ್ಕೊಂಡ್ ಬಾ, ಹಳೇ ಬೋರ್ಡು ಅಟ್ಟದ ಮೇಲೆ ಎತ್ತಿಟ್ಟಿದೀನಿ."