ಎಲೆ ಎಣಿಸಿದ್ದು

ನನ್ನ ತುಟಿಗಳು ನನ್ನ ಮಾತು ಕೇಳುವುದಿಲ್ಲ ಎಂಬುದು ಗೊತ್ತಾದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವುಗಳ ಮೇಲೆ ಯಾರ ದೂರೂ ಇರಲಿಲ್ಲ.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ನಗದು ಎಣಿಸಿದವನು ನಾನು. ಸ್ಪಂಜಿನ ಬಟ್ಟಲಿಗೆ ಬೆರಳು ಒತ್ತಿ ನೋಟಿನ ಕಟ್ಟನ್ನು ಸರಸರನೆ ಮಗುಚುತ್ತಲೇ ಎದುರಿಗಿದ್ದ ತೋಟದವರನ್ನು “ನಿಮ್ಮ ಕಡೆ ಮಳೆ ಎಷ್ಟಾಯಿತು?” ಎಂದು ವಿಚಾರಿಸುತ್ತಿದ್ದೆ. ಅವರು “ಎರಡು ಇಂಚು ನಲವತ್ತು ಸೆಂಟು” ಎನ್ನುತ್ತಿದ್ದರು. ಚಿಕ್ಕಮಗಳೂರಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವುದು ಸರ್ಕಾರ ಮಾತ್ರ. ತೋಟದವರಿಗೆ ಇಂದಿಗೂ ಇಂಚು, ಸೆಂಟು. ಆ ಲೆಕ್ಕವನ್ನೂ ಕಿವಿಗೆ ಹಾಕಿಕೊಂಡು, ಹಿಂದಿನ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಎಂದೂ ಕೇಳಿ, ಕೊನೆಗೆ “ಇದರಲ್ಲಿ ತೊಂಬತ್ತೊಂಬತ್ತೇ ನೋಟು ಇದೆ ನೋಡಿ” ಎಂದು ಕಟ್ಟನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಯಂತ್ರ ಬಂದ ಮೇಲೂ ಹಳೆಯ ಗಿರಾಕಿಗಳು ನನ್ನ ಬೆರಳನ್ನೇ ನಂಬುತ್ತಿದ್ದರು. ಹೀಗಾಗಿ ಎಣಿಕೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆ ಜಂಬಕ್ಕೆ ಗಾಳಿ ಹಾಕಿದವನು ನನ್ನ ಹೆಂಡತಿಯ ತಮ್ಮ. ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಗಿರಾಕಿಗಳಿಲ್ಲದ ಆಷಾಢದ ಒಂದು ಭಾನುವಾರ ಬಂದು, ಬಿಸಿ ಬಿಸಿ ಹಲಸಿನಕಾಯಿ ಹಪ್ಪಳ ಮುರಿಯುತ್ತ, “ಭಾವ, ಬೇರೆಯವರ ದುಡ್ಡು ಎಣಿಸಿದ್ದು ಸಾಕು. ಇನ್ನು ಎಲೆ ಎಣಿಸಿ. ದೀಪಾವಳಿ ಕಳೆದ ಮೇಲೆ ಗೋವಾಕ್ಕೆ ಹೋಗೋಣ” ಎಂದ. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಬ್ಲಾಕ್‌ಜಾಕ್ ಎಂಬ ಆಟ. ಎಲೆ ಎಣಿಸಲು ಬರುವವನು ಕ್ಯಾಸಿನೊವನ್ನೇ ಸೋಲಿಸಬಹುದಂತೆ.

ಕನ್ನಡದಲ್ಲಿ ಎಲೆ ಎಂದರೆ ಊಟದ ಎಲೆಯೂ ಹೌದು, ವೀಳ್ಯದ ಎಲೆಯೂ ಹೌದು, ಇಸ್ಪೀಟಿನ ಎಲೆಯೂ ಹೌದು. ನನಗೆ ಮೂರೂ ಕಡೆ ಕಾದಿತ್ತು.

ಆಟ ಸರಳ. ನಿಮ್ಮ ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, ದಾಟಿದರೆ ಹೋದಿರಿ. ಎಕ್ಕಕ್ಕೆ ಒಂದು ಅಥವಾ ಹನ್ನೊಂದು, ನಿಮ್ಮ ಇಷ್ಟ. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ. ಇದನ್ನು ಊಟದ ಮನೆಯಲ್ಲಿ ವಿವರಿಸುತ್ತಿದ್ದಾಗ, ನಮ್ಮ ಜೊತೆಗೇ ಇರುವ ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅವರು ಹುಟ್ಟಿ ಬೆಳೆದದ್ದು ಇಪ್ಪತ್ತೆಂಟು ಆಡುವ ಮನೆಯಲ್ಲಿ. ಅದರಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು. ರಾಜ ರಾಣಿಯರಿಗೆ ಸೊನ್ನೆ. “ರಾಜನಿಗೂ ಗುಲಾಮನಿಗೂ ಒಂದೇ ಬೆಲೆಯೇ? ಅದೆಂಥ ಆಟ ಅಳಿಯಂದಿರೇ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಡಿಕೆಗೆ ಮರಳಿದರು.

ಎಣಿಕೆಯೂ ಹೇಳಲು ಸುಲಭವೇ. ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಪ್ಲಸ್ ಒಂದು. ಏಳು, ಎಂಟು, ಒಂಬತ್ತಕ್ಕೆ ಏನೂ ಇಲ್ಲ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಮೈನಸ್ ಒಂದು. ಕಿತ್ತಳೆ ಬುಟ್ಟಿಯಿಂದ ಮೊದಲು ಬಂದವರೆಲ್ಲ ಹುಳುಕು ಹಣ್ಣನ್ನೇ ಎತ್ತಿಕೊಂಡು ಹೋದರೆ ತಳದಲ್ಲಿ ಒಳ್ಳೆಯವು ಉಳಿಯುತ್ತವಲ್ಲ, ಹಾಗೆ. ಲೆಕ್ಕ ಪ್ಲಸ್‌ನಲ್ಲಿ ಏರಿತೆಂದರೆ ಉಳಿದ ಕಟ್ಟಿನಲ್ಲಿ ದೊಡ್ಡ ಎಲೆಗಳು ಹೆಚ್ಚಿವೆ ಎಂದರ್ಥ. ಆಗ ಎರಡೇ ಎಲೆಯಲ್ಲಿ ಇಪ್ಪತ್ತೊಂದಾಗುವ ಸಂಭವ ಜಾಸ್ತಿ, ಅದಕ್ಕೆ ಒಂದೂವರೆ ಪಟ್ಟು ಹಣ. ಎಲೆ ಹಂಚುವವನಿಗೆ ಹದಿನಾರು ಬಂದರೂ ಇನ್ನೊಂದು ಎಳೆಯಲೇಬೇಕೆಂಬ ನಿಯಮವಿರುವುದರಿಂದ ಅವನು ಇಪ್ಪತ್ತೊಂದು ದಾಟಿ ಬೀಳುವ ಸಂಭವವೂ ಜಾಸ್ತಿ. ಆ ಹೊತ್ತು ನೋಡಿ ಪಣ ಏರಿಸಬೇಕು.

ಇದನ್ನು ಕಂಡುಹಿಡಿದವರು ಜೂಜುಕೋರರಲ್ಲ ಎಂಬುದು ನನಗೆ ಬಹಳ ಹಿಡಿಸಿತು. 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳನ್ನು ಕುಟ್ಟಿ ಕುಟ್ಟಿ, ಯಾವ ಕೈಗೆ ಎಲೆ ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬ ಪಟ್ಟಿ ತಯಾರಿಸಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟರು ಆಗಿನ ಕಾಲದ ದೊಡ್ಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬಿದ್ದ ಎಲೆಗಳನ್ನು ಗಮನಿಸುವವನಿಗೆ ಗೆಲುವಿನ ಅಂಚು ಸಿಗುತ್ತದೆ ಎಂದು 1962ರಲ್ಲಿ ಪುಸ್ತಕವನ್ನೇ ಬರೆದರು. ಅಂಚು ಎಷ್ಟು? ಎಲ್ಲವನ್ನೂ ತಪ್ಪಿಲ್ಲದೆ ಮಾಡಿದರೆ ನೂರು ರೂಪಾಯಿಗೆ ಒಂದು ರೂಪಾಯಿಯ ಆಸುಪಾಸು. ಅದೂ ಸಾವಿರಾರು ಆಟಗಳ ಸರಾಸರಿಯಲ್ಲಿ. ಇದಕ್ಕಿಂತ ಬ್ಯಾಂಕಿನ ಠೇವಣಿ ವಾಸಿ ಎಂದು ನನ್ನೊಳಗಿನ ಕ್ಯಾಷಿಯರ್ ಹೇಳಿದ. ಆಷಾಢದಲ್ಲಿ ಮನುಷ್ಯ ಕ್ಯಾಷಿಯರನ ಮಾತು ಕೇಳುವುದಿಲ್ಲ.

ಮನೆಯಲ್ಲಿದ್ದ ಹಳೆಯ ಇಸ್ಪೀಟು ಕಟ್ಟನ್ನು ತೆಗೆದುಕೊಂಡು ಜಗಲಿಯಲ್ಲಿ ಕುಳಿತೆ. ಮಧ್ಯಾಹ್ನ ಅತ್ತೆ ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಹುಣಸೆ ಬೀಜ ಪಣವಿಟ್ಟು ರಮ್ಮಿ ಆಡುವುದೂ ಅದೇ ಕಟ್ಟಿನಲ್ಲಿ. ಮಳೆಯ ಥಂಡಿಗೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು, ಎರಡು ಎಳೆದರೆ ಮೂರು ಬರುತ್ತಿದ್ದವು. ಅಂಚುಗಳು ಮೆತ್ತಗಾಗಿ ಹಳೆಯ ಹತ್ತು ರೂಪಾಯಿ ನೋಟಿನ ಹದಕ್ಕೆ ಬಂದಿದ್ದವು; ಬೆರಳಿಗೆ ಗುರುತಿನ ಸುಖ. ಆದರೆ ನೋಟು ಎಣಿಸುವಾಗ ಸಂಖ್ಯೆ ಮೇಲಕ್ಕೆ ಮಾತ್ರ ಹೋಗುತ್ತದೆ. ಇಲ್ಲಿ ಏರುತ್ತದೆ, ಇಳಿಯುತ್ತದೆ, ಸೊನ್ನೆಯ ಕೆಳಗೂ ಮುಳುಗುತ್ತದೆ. “ಪ್ಲಸ್ ಎರಡು, ಪ್ಲಸ್ ಒಂದು, ಸೊನ್ನೆ, ಮೈನಸ್ ಒಂದು” ಎನ್ನುತ್ತಿರುವಾಗಲೇ ಒಳಗಿನಿಂದ ಹೆಂಡತಿ, “ರೀ, ಗ್ಯಾಸ್ ಬುಕ್ ಮಾಡಿದಿರಾ?” ಎಂದು ಕೇಳುತ್ತಾಳೆ. “ಮಾಡಿದೆ” ಎಂದು ಹೇಳಿ ಮುಗಿಸುವಷ್ಟರಲ್ಲಿ ಮೈನಸ್ಸೋ ಪ್ಲಸ್ಸೋ ಗೊತ್ತಿಲ್ಲ. ಗ್ಯಾಸ್ ಬುಕ್ ಮಾಡಿರಲೂ ಇಲ್ಲ.

ಪಳಗಿದವರು ಇಡೀ ಕಟ್ಟನ್ನು ಅರ್ಧ ನಿಮಿಷದೊಳಗೆ ಎಣಿಸುತ್ತಾರಂತೆ. ನನಗೆ ಮೊದಲ ದಿನ ನಾಲ್ಕು ನಿಮಿಷ ಹಿಡಿಯಿತು. ಅದಿರಲಿ, ವೇಗ ಬರುತ್ತದೆ. ತೊಂದರೆ ಇದ್ದದ್ದು ಬೇರೆ ಕಡೆ. ಸಣ್ಣ ಎಲೆಗಳು ಇಪ್ಪತ್ತು, ದೊಡ್ಡವೂ ಇಪ್ಪತ್ತು; ಹೀಗಾಗಿ ಕಟ್ಟು ಮುಗಿದಾಗ ಲೆಕ್ಕ ಸೊನ್ನೆಗೆ ಬಂದು ನಿಲ್ಲಬೇಕು. ನನ್ನದು ಪ್ಲಸ್ ಮೂರಕ್ಕೆ ನಿಂತಿತು. ಮತ್ತೆ ಎಣಿಸಿದೆ, ಪ್ಲಸ್ ಮೂರು. ಕನ್ನಡಕ ಒರೆಸಿಕೊಂಡು ಎಣಿಸಿದೆ, ಪ್ಲಸ್ ಮೂರು. ಒಂದು ವಾರ, ಬೆಳಿಗ್ಗೆ ಕಾಫಿಗೆ ಮೊದಲು, ರಾತ್ರಿ ಊಟವಾದ ಮೇಲೆ, ಕರೆಂಟು ಹೋದಾಗ ಮೇಣದಬತ್ತಿಯ ಬೆಳಕಿನಲ್ಲಿ. ಎಲ್ಲೋ ಮೂರು ದೊಡ್ಡ ಎಲೆಗಳನ್ನು ನೋಡಿಯೂ ಕಳೆಯುತ್ತಿಲ್ಲ ನಾನು ಎಂದು ಖಾತ್ರಿಯಾಯಿತು. ವಯಸ್ಸಾಯಿತು ಎಂದುಕೊಂಡೆ. ಮೂವತ್ತೊಂದು ವರ್ಷ ಮಾಡದ ಪಾಪವನ್ನು ಎಂಟನೆಯ ದಿನ ಮಾಡಿದೆ: ಕೊನೆಯಲ್ಲಿ ಬಾಯಿಲೆಕ್ಕಕ್ಕೆ ಮೂರು ಕಳೆದು, ಸರಿಯಾಯಿತು ಎಂದು ಎದ್ದೆ.

ಈ ನಡುವೆ ತುಟಿಗಳ ವಿಷಯ ಊರಿಗೆ ಗೊತ್ತಾಯಿತು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವು ಹೊರಗೆ ಕುಣಿಯುತ್ತಿದ್ದವಂತೆ. ಪರಿಚಯದ ಪುರೋಹಿತರೊಬ್ಬರು ಗೇಟಿನಲ್ಲಿ ನಿಂತು ನೋಡಿ, ನಿವೃತ್ತಿಯಾದ ಮೇಲಾದರೂ ಜಪಕ್ಕೆ ಕುಳಿತೆನಲ್ಲ ಎಂದು ಸಂತೋಷಪಟ್ಟು, ಮಾತನಾಡಿಸದೆ ಹಿಂದಕ್ಕೆ ಹೋದರಂತೆ. ಮರುದಿನ ನಾನು ಪೇಟೆಯಲ್ಲಿ ಐದು ಹೊಸ ಇಸ್ಪೀಟು ಕಟ್ಟು ಕೊಂಡದ್ದು ಅವರಿಗೆ ಯಾರಿಂದ ತಿಳಿಯಿತೋ. ಕ್ಯಾಸಿನೊದಲ್ಲಿ ಆರೆಂಟು ಕಟ್ಟು ಸೇರಿಸಿ ಆಡುತ್ತಾರೆ, ಬಂದ ಲೆಕ್ಕವನ್ನು ಇನ್ನೂ ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು. ಪ್ಲಸ್ ಎಂಟಾಗಿ ನಾಲ್ಕು ಕಟ್ಟು ಉಳಿದಿದ್ದರೆ ನಿಜವಾದ ಬಲ ಎರಡೇ. ಇದನ್ನೆಲ್ಲ ಅಂಗಡಿಯವರಿಗೆ ಹೇಳುವುದು ಹೇಗೆ? ಸಂಜೆ ವಾಕಿಂಗಿನಲ್ಲಿ ಮೂವರು ಗೌರವಸ್ಥರು ಪ್ರತ್ಯೇಕ ಪ್ರತ್ಯೇಕವಾಗಿ ನನ್ನ ಪಕ್ಕಕ್ಕೆ ಬಂದು, “ಎಲ್ಲಿ ಸೇರುತ್ತಿದ್ದೀರಿ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಹಳೆಯದೂ ಸೇರಿ ಆರು ಕಟ್ಟುಗಳನ್ನು ಕಲಸಿ ಎಣಿಸಿದೆ. ಮುನ್ನೂರು ಚಿಲ್ಲರೆ ಎಲೆಗಳ ಕೊನೆಯಲ್ಲಿ ಪ್ಲಸ್ ಮೂರು. ತಪ್ಪಿನಲ್ಲೂ ನನಗೊಂದು ಶಿಸ್ತು ಇದೆ ಎಂದು ಸಮಾಧಾನವಾಯಿತು.

ಶ್ರಾವಣದಲ್ಲಿ ಬೇಲೂರಿನಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ. ಲೆಕ್ಕದವನು ಎಂದು ಹೆಸರಾದ ನನಗೆ ಊಟದ ಮನೆಯ ಬಾಗಿಲಿನಲ್ಲಿ ಕುಳಿತು ಎಲೆ ಎಣಿಸುವ ಕೆಲಸ. ಅಡುಗೆ ಭಟ್ಟರಿಗೆ ಪ್ರತಿ ಪಂಕ್ತಿಗೂ ಲೆಕ್ಕ ತಲುಪಬೇಕು. ನಾನು ಎಣಿಸತೊಡಗಿದೆ, ಕೆಟ್ಟ ಚಾಳಿ ತಾನಾಗಿಯೇ ಶುರುವಾಯಿತು. ಅರ್ಧ ಒಬ್ಬಟ್ಟು ಬಿಡುವ ಮಕ್ಕಳಿಗೆ ಪ್ಲಸ್ ಒಂದು, ಸಾಧಾರಣದವರಿಗೆ ಸೊನ್ನೆ, ಬೆಲ್ಟು ಸಡಿಲಿಸಿಕೊಂಡು ಒಳಗೆ ಬರುವವರಿಗೆ ಮೈನಸ್ ಒಂದು. ಬಹಳ ಸೊಗಸಾಗಿ ಹೋಗುತ್ತಿತ್ತು. ಮೂರನೆಯ ಪಂಕ್ತಿಗೆ ಭಟ್ಟರು ಸೌಟು ಹಿಡಿದೇ ಬಂದು, “ಎಷ್ಟಾಯಿತು ಸ್ವಾಮಿ?” ಎಂದರು.

“ಪ್ಲಸ್ ನಾಲ್ಕು” ಎಂದೆ.

“ಇನ್ನು ನಾಲ್ಕೇ ಜನವೇ?”

ಆಗ ನನಗೆ ಹೊಳೆಯಿತು. ಕೂಡಿ ಕಳೆದು ಉಳಿದ ನಾಲ್ಕು ನನ್ನ ಬಳಿ ಇದೆ. ಒಳಗೆ ಹೋದವರು ಎಷ್ಟು, ಹೊರಗೆ ಕಾಯುತ್ತಿರುವವರು ಎಷ್ಟು ಎಂಬುದಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಭಟ್ಟರು ಹೋಗಿ ಒಲೆಯಿಂದ ಹಂಚು ಇಳಿಸಿದ್ದರು. ಕೊನೆಯ ಪಂಕ್ತಿಗೆ ಅರವತ್ತು ಜನ ಕುಳಿತರು. ಗಂಡಿನ ಸೋದರಮಾವನೂ ಅವರಲ್ಲಿ ಒಬ್ಬರು. ಒಬ್ಬಟ್ಟು ಬರಬೇಕಾದ ಹೊತ್ತಿಗೆ ಅವರ ಎಲೆಗೆ ಎರಡನೆಯ ಸಲ ಕೋಸಂಬರಿ ಬಂತು. ಅವರು ಅದನ್ನು ಎಷ್ಟು ಹೊತ್ತು ನೋಡಿದರು ಎಂಬುದನ್ನು ಕಂಬದ ಮರೆಯಿಂದ ನಾನು ನೋಡಿದ್ದೇನೆ.

ಗೋವಾದ ಕಥೆ ಚಿಕ್ಕದು. ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತ ಹಡಗು. ಬಾಗಿಲಲ್ಲೇ ಟಿಕೆಟ್ಟು. ಭಾವಮೈದುನ ಹೊಸ ಕೋಟು ಹಾಕಿಕೊಂಡಿದ್ದ. ಯಾರೂ ಗುರುತು ಹಿಡಿಯಬಾರದೆಂದು ಕಪ್ಪು ಕನ್ನಡಕವನ್ನೂ ಹಾಕಿಕೊಂಡು ಎರಡು ಸಲ ಮೆಟ್ಟಿಲು ಎಡವಿದ. ಬ್ಲಾಕ್‌ಜಾಕ್ ಮೇಜಿನಲ್ಲಿ ಕುಳಿತೆ. ಮೂರು ಸುತ್ತು ಆಯಿತು. ಬಿದ್ದ ಎಲೆಗಳನ್ನು ಹುಡುಗ ಬದಿಗಿಡುವ ಬದಲು ಆಗಿಂದಾಗ್ಗೆ ಒಂದು ಕಪ್ಪು ಪೆಟ್ಟಿಗೆಯೊಳಗೆ ತಳ್ಳುತ್ತಿದ್ದ. ಅದು ಹೊಟ್ಟೆಯಲ್ಲೇ ಗುರುಗುಟ್ಟಿ ಎಲ್ಲವನ್ನೂ ಕಲಸಿ ಮತ್ತೆ ಎಲೆ ಕೊಡುತ್ತಿತ್ತು. ನಾನು ಬಿಡದೆ ಎಣಿಸುತ್ತಲೇ ಇದ್ದೆ. ಹುಡುಗ ಎಲೆ ಹಂಚುತ್ತಲೇ, ನನ್ನತ್ತ ನೋಡದೆ, ಅಚ್ಚ ಕನ್ನಡದಲ್ಲಿ ಹೇಳಿದ:

“ಸಾರ್, ತುಟಿ ಅಲ್ಲಾಡುತ್ತಿದೆ. ಈ ಯಂತ್ರದಲ್ಲಿ ಎಲೆ ಆಗಲೇ ವಾಪಸ್ಸು ಹೋಗುತ್ತದೆ, ಎಣಿಸಿ ಉಪಯೋಗವಿಲ್ಲ.”

ಕಡೂರಿನವನಂತೆ. ನಾನು ಚಿಕ್ಕಮಗಳೂರು ಎಂದ ಕೂಡಲೇ ಅವನ ಮುಖ ಅರಳಿತು. “ನಮ್ಮ ಕಡೆ ಮಳೆ ಬಂತೇ ಸಾರ್?” ಎಂದು ಕೇಳಿದ. ಗಿರಿಯ ಈ ಕಡೆ ಇಂಚುಗಟ್ಟಲೆ ಸುರಿದರೂ ಕಡೂರಿನವರು ಆಕಾಶ ನೋಡುತ್ತಲೇ ಇರಬೇಕು, ಪಾಪ. ಅವನಿಗೆ ಮಳೆಯ ಸುದ್ದಿ ಹೇಳುತ್ತಾ ಇನ್ನಷ್ಟು ಸೋತೆ. ಒಟ್ಟು ಎಷ್ಟು ಎಂದು ಇಲ್ಲಿ ಬರೆದರೆ ಹೆಂಡತಿಗೆ ಹೇಳಿದ ಅಂಕಿಯನ್ನೇ ಬರೆಯಬೇಕಾಗುತ್ತದೆ. ಆದ್ದರಿಂದ ಬೇಡ.

ಊರಿಗೆ ಬಂದ ಮರುದಿನ ಮಧ್ಯಾಹ್ನ ಜಗಲಿಯಲ್ಲಿ ಎಂದಿನಂತೆ ರಮ್ಮಿ ನಡೆದಿತ್ತು. ನಾನು ಕುರ್ಚಿಯಲ್ಲಿ ಕುಳಿತು, ಯಂತ್ರ ಇಲ್ಲದಿದ್ದರೂ ನನ್ನ ಪ್ಲಸ್ ಮೂರು ಹೇಗೂ ಮುಳುಗಿಸುತ್ತಿತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಜೋರಾಗಿಯೇ ಬೈದುಕೊಂಡಿರಬೇಕು.

“ಅದು ನಿಮ್ಮ ತಪ್ಪಲ್ಲ ಅಳಿಯಂದಿರೇ” ಎಂದರು ಅತ್ತೆ. ಪಕ್ಕದ ಮನೆಯವರಿಬ್ಬರೂ ಒಳಗೆ ಕಾಫಿ ತರಲು ಹೋಗಿದ್ದರು. “ಈ ಕಟ್ಟಿನಲ್ಲಿ ಮೂರು ಎಲೆ ಇಲ್ಲ. ಇಸ್ಪೀಟು ಎಕ್ಕವನ್ನು ಮೊಮ್ಮಗ ಸೈಕಲ್ ಚಕ್ರಕ್ಕೆ ಸಿಕ್ಕಿಸಿಕೊಂಡಿದ್ದಾನೆ. ಕಳಾವರ್ ಗುಲಾಮ ಹೊಲಿಗೆ ಯಂತ್ರದ ಕಾಲಿನ ಕೆಳಗಿದೆ. ಆಟೀನ್ ರಾಣಿ ಅಗೋ.”

ಗಾಳಿಗೆ ಬಡಿದುಕೊಳ್ಳದಂತೆ ಕಿಟಕಿಯ ಸಂದಿಗೆ ನಾಲ್ಕಾಗಿ ಮಡಚಿ ತುರುಕಿದ್ದ ರಾಣಿಯ ಅರ್ಧ ಮುಖ ನನ್ನನ್ನೇ ನೋಡುತ್ತಿತ್ತು. ಹೋದ ಮಳೆಗಾಲದಲ್ಲಿ ತುರುಕಿದವನು ನಾನೇ.

“ಹಾಗಾದರೆ ನೀವು ಒಂದು ವರ್ಷದಿಂದ ಹೀಗೆಯೇ ಆಡುತ್ತಿದ್ದೀರಾ?”

“ಅವರು ರಾಜ, ಗುಲಾಮ ಹಿಡಿದುಕೊಂಡು ನಡುವಿನ ರಾಣಿಗೆ ಕಾಯುತ್ತಾರೆ. ಕಾಯಲಿ.” ಹುಣಸೆ ಬೀಜದ ಡಬ್ಬಿಯನ್ನು ಸೆರಗಿನಿಂದ ಒರೆಸಿದರು. ತುಂಬಿ ಮುಚ್ಚಳ ಕೂರುತ್ತಿರಲಿಲ್ಲ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕಾಗುತ್ತದೆ, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಬೀಳದ ಎಲೆಗಳನ್ನು ನೆನಪಿಡುವವರ ಬಗ್ಗೆ ಅದು ಏನನ್ನೂ ಹೇಳಿಲ್ಲ.

“ಆದರೂ ಅತ್ತೆ, ನೀವು ಎಣಿಸುವುದು ಯಾರಿಗೂ ಕಾಣುವುದಿಲ್ಲವಲ್ಲ, ಹೇಗೆ?” ಎಂದೆ.

ಅವರ ತುಟಿಗಳು ಅಲ್ಲಾಡುತ್ತಲೇ ಇದ್ದವು. ನಾನು ನೋಡಿದಾಗಿನಿಂದಲೂ ಅಲ್ಲಾಡುತ್ತಲೇ ಇವೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ, ಕೆಂಪಗೆ. ಪಕ್ಕದ ಮನೆಯವರು ಲೋಟ ಹಿಡಿದು ಬರುವ ಸದ್ದಾಯಿತು. ಅತ್ತೆ ಎಲೆ ಕಲಸುತ್ತಾ, ಮೊಣಕೈಯಿಂದ ಹಿತ್ತಾಳೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

“ನೀವೂ ಒಂದು ಎಲೆ ಹಾಕಿಕೊಳ್ಳಿ. ಸುಣ್ಣ ಕಡಿಮೆ ಹಚ್ಚಿ.”