ಪಿಎಸ್ 6 ಜಾತ್ರಿಗೆ ಬರತೈತೇನ್ರಿ?

ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎತ್ತಿನ ವಯಸ್ಸನ್ನು ಮಾಲೀಕನ ಬಾಯಿಂದ ಕೇಳುವವರಿಲ್ಲ, ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಗಾಂಧಿ ಚೌಕದ ಚಹಾ ಕಟ್ಟೆಯ ಪಂಡಿತರೂ ಈಗ ಇದೇ ಕಸುಬಿಗೆ ಇಳಿದಿದ್ದಾರೆ. ಅವರು ಬಿಡಿಸುವ ಬಾಯಿ ಸೋನಿ ಕಂಪನಿಯದು, ಎಣಿಸುವುದು ಅದರ ಮುಂದಿನ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಗೇಮು ಆಡುವ ಪೆಟ್ಟಿಗೆ, ಪ್ಲೇಸ್ಟೇಷನ್ (ಪಿಎಸ್) 6 ಬರುವ ತಾರೀಖನ್ನು. “2027ಕ್ಕ ಪಿಎಸ್ 6 ಬರಾಕಬೇಕ್ರಿ. ಏಳು ವರ್ಷದ ಲೆಕ್ಕ ಐತಿ.”

ಲೆಕ್ಕ ಬಿಚ್ಚಿ ನೋಡಿದರೆ ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದದ್ದು 1994ರ ಡಿಸೆಂಬರಿನಲ್ಲಿ, ಎರಡನೆಯದು 2000ದ ಮಾರ್ಚಿನಲ್ಲಿ, ಮೂರನೆಯದು 2006ರ ನವೆಂಬರಿನಲ್ಲಿ. ಅಂತರ ಒಮ್ಮೆ ಐದೂಕಾಲು ವರ್ಷ, ಒಮ್ಮೆ ಆರು ವರ್ಷ ಎಂಟು ತಿಂಗಳು. ಆಮೇಲೆ ಅಮೆರಿಕದಲ್ಲಿ ನಾಲ್ಕನೆಯದು 2013ರ, ಐದನೆಯದು 2020ರ ನವೆಂಬರಿನಲ್ಲಿ. ಏಳು ಅಂತ ಸರಿಯಾಗಿ ಕೂತದ್ದು ಎರಡೇ ಸಲ. ಎರಡು ವರ್ಷ ರೋಹಿಣಿ ಮಳೆ ಹೇಳಿದ ದಿನಕ್ಕೆ ಬಂತೆಂದು ಮೂರನೇ ವರ್ಷ ಒಣಮಣ್ಣಿಗೆ ಬೀಜ ಹಾಕುವ ರೈತ ಈ ಜಿಲ್ಲೆಯಲ್ಲಿ ಸಿಗಲಾರ. ಚಹಾ ಕಟ್ಟೆಯಲ್ಲಿ ಮಾತ್ರ ಬಿತ್ತನೆ ಮುಗಿದಿದೆ.

ಅದಕ್ಕೆ ಗೊಬ್ಬರ ಒದಗಿಸುವುದು ‘ಲೀಕ್’, ಕಂಪನಿಯೊಳಗಿಂದ ಸೋರಿ ಬಂತೆನ್ನುವ ಸುದ್ದಿ. ಗೋಳಗುಮ್ಮಟದೊಳಗೆ ಒಬ್ಬ ಪಿಸುಗುಟ್ಟಿದರೆ ಏಳು ಸಲ ಕೇಳುತ್ತದಂತೆ. ಲೀಕ್ ಕೂಡ ಹಾಗೇ, ಏಳು ಬಾಯಿಂದ ಬಂದದ್ದಕ್ಕೆ ಏಳು ಸಾಕ್ಷಿ ಎಂದು ಹೆಸರು. ಪ್ಲೇಸ್ಟೇಷನ್ನಿನ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ 2025ರ ಅಕ್ಟೋಬರಿನಲ್ಲಿ ಚಿಪ್ ಕಂಪನಿ ಎಎಂಡಿ ಜೊತೆಗಿನ ಹೊಸ ಕೆಲಸದ ಬಗ್ಗೆ ಮಾತಾಡುತ್ತ, ಇದು ಕೆಲವು ವರ್ಷಗಳಲ್ಲಿ ಬರುವ ಕನ್ಸೋಲಿಗೆ ಎಂದಷ್ಟೇ ಹೇಳಿದರು. ಆ ‘ಕೆಲವು’ ಎಂಬ ಪದದಿಂದ ತಿಂಗಳು, ತಾರೀಖು, ರೇಟು ಮೂರನ್ನೂ ಹಿಂಡಿ ತೆಗೆದವರಿದ್ದಾರೆ. ಸುಣ್ಣದ ಕಲ್ಲಿನಿಂದ ಎಣ್ಣೆ ತೆಗೆಯುವ ಗಾಣ ಅದು.

“ಹಂಗಾದ್ರ ಲಗೂ ಬಿಡಲಿ” ಎನ್ನುವ ಪಕ್ಷವೂ ಇದೆ. ಲಗೂ ಬಿಟ್ಟವರ ಗತಿ ಕೇಳಿ. ಸೆಗಾ ಕಂಪನಿ ತನ್ನ ಸ್ಯಾಟರ್ನ್ ಕನ್ಸೋಲನ್ನು ಅಮೆರಿಕದಲ್ಲಿ 1995ರ ಸೆಪ್ಟೆಂಬರಿಗೆ ಎಂದು ಸಾರಿ, ಮೇ 11ರಂದೇ ‘ಇಗೋ ಅಂಗಡಿಯಲ್ಲಿದೆ’ ಎಂದಿತು. ಗೇಮುಗಳು ಬೆರಳೆಣಿಕೆ, ಸರಕು ಸಿಕ್ಕದ್ದು ನಾಲ್ಕಾರು ಮಳಿಗೆ ಜಾಲಕ್ಕೆ. ಸಿಗದವರು ಮುನಿಸಿಕೊಂಡರು. ಬೆಲೆ 399 ಡಾಲರ್. ಅದೇ ದಿನ ಸೋನಿ ವೇದಿಕೆ ಹತ್ತಿ ತನ್ನ ಪ್ಲೇಸ್ಟೇಷನ್ನಿಗೆ 299 ಎಂದು ಇಳಿಯಿತು. 2005ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಕನ್ಸೋಲ್ ಎಲ್ಲರಿಗಿಂತ ಮುಂಚೆ ಬಂತು. ಕಾದು ಆರಿ ಕಾದು ಆರಿ ಒಳಗಿನ ಬೆಸುಗೆ ಬಿರುಕು ಬಿಟ್ಟು ಕೆಂಪು ದೀಪ ಉರಿಯಿತು. ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಲು ಮೈಕ್ರೋಸಾಫ್ಟ್ 2007ರಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಎತ್ತಿಡಬೇಕಾಯಿತು.

ತಡವಾದರೂ ಸುಖವಿಲ್ಲ. ಎತ್ತು ಮುದಿಯಾದರೆ ರೇಟು ಇಳಿಯಬೇಕು. 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದ ಪಿಎಸ್ 5, 2022ರ ನವೆಂಬರಿಗೆ 54,990 ಆಯಿತು. ಹಲ್ಲುದುರಿದಂತೆ ತುಟ್ಟಿಯಾಗುವ ಎತ್ತು! ಇನ್ನು ಅದರ ಬಲವಾದ ಮಾದರಿ ಪಿಎಸ್ 5 ಪ್ರೊ 2024ರ ನವೆಂಬರಿನಲ್ಲಿ ಹೊರಗೆ ಬಂದಾಗ ಭಾರತಕ್ಕೆ ಬರಲೇ ಇಲ್ಲ: ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ನಮ್ಮಲ್ಲಿ ಪರವಾನಗಿ ಇರಲಿಲ್ಲ. ಇಲ್ಲಿಯ ಮನೆಗಳಲ್ಲಿ 2.4 ಗಿಗಾಹರ್ಟ್ಸ್ ರೂಟರೇ ಅಡುಗೆಮನೆ ಗೋಡೆ ದಾಟಲಾರದೆ ಒದ್ದಾಡುತ್ತಿರುತ್ತದೆ, ಆ ಮಾತು ಬೇರೆ.

ಬಿಡುಗಡೆ ಯಾವ ತಿಂಗಳು ಆಗಬಾರದು ಎಂಬುದನ್ನು ವಿಜಯಪುರವೇ ಹೇಳಬಲ್ಲದು. ಪಿಎಸ್ 5 ಕೈಪಿಡಿ ಓದಿ: ನಡೆಸಬೇಕಾದ ಉಷ್ಣತೆ 5ರಿಂದ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಇಲ್ಲಿ 40 ದಾಟುತ್ತದೆ. ಪತ್ರಾಸ್ ಮಾಡಿನ ಕೋಣೆಯ ಮಾತೇ ಬೇಡ. ನವೆಂಬರಿನಲ್ಲಿ ಹೊರಗೆ ಹುಟ್ಟಿದ್ದು ನಮ್ಮ ಕೈಗೆ ಜನವರಿ, ಫೆಬ್ರವರಿಗೆ ಬರುತ್ತದೆ. ಪೆಟ್ಟಿಗೆ ಒಡೆದು ಆರತಿ ಎತ್ತುವಷ್ಟರಲ್ಲಿ ಬಿಸಿಲು. ವಾರಂಟಿ 12 ತಿಂಗಳು, ಅದರಲ್ಲಿ ಮೂರು ತಿಂಗಳು ಕೈಪಿಡಿಯ ಪ್ರಕಾರವೇ ಹಗಲು ಮುಟ್ಟುವಂತಿಲ್ಲ.

ಕರೆಂಟು ಇನ್ನೊಂದು ಕತೆ. ಸ್ಟೆಬಿಲೈಜರ್ ಹುಡುಕಬೇಡಿ, ಒಳಗಿನ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೂ ಅರಗಿಸಿಕೊಳ್ಳುತ್ತದೆ. ಕಾಡುವುದು ಇನ್ವರ್ಟರ್. ‘ಇಕೋ’ದಲ್ಲಿಟ್ಟರೆ ಮೇನ್ಸಿನಿಂದ ಬ್ಯಾಟರಿಗೆ ಹಾರಲು 40 ಮಿಲಿಸೆಕೆಂಡು ತನಕ ಹಿಡಿಯುತ್ತದೆ. ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕನ್ಸೋಲ್ ಸತ್ತು ಎದ್ದು ಸ್ಟೋರೇಜ್ ರಿಪೇರಿಗೆ ಕೂರುತ್ತದೆ. ಇನ್ವರ್ಟರಿನ ಹಿಂದಿರುವ ಗುಂಡಿಯನ್ನು ‘ಯುಪಿಎಸ್’ಗೆ ತಿರುಗಿಸಿ. ಇನ್ವರ್ಟರ್ ಇಲ್ಲದಿದ್ದರೆ 600 ವಿಎ ಯುಪಿಎಸ್: ಕನ್ಸೋಲ್ 200 ವಾಟ್, ಟಿವಿ 100 ವಾಟ್, 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಗೆ ಐದಾರು ನಿಮಿಷದ ಉಸಿರು. ಸೇವ್ ಮಾಡಿ ಬಂದ್ ಮಾಡಲು ಸಾಕು, ಪಂದ್ಯ ಗೆಲ್ಲಲು ಸಾಲದು.

ಕನ್ಸೋಲಿನೊಳಗೆ ಧೂಳು ಬಂತೆಂದು ಪಂಕ್ಚರ್ ಅಂಗಡಿಯ ಗಾಳಿ ಊದಿಸಿದವರುಂಟು. ಟ್ಯಾಂಕಿನ ನೀರಿನ ಹನಿ ಬೋರ್ಡಿಗೆ ಬೀಳುತ್ತದೆ, ಫ್ಯಾನು ತಿರುಗಬಾರದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಪಿಎಸ್ 5ರ ಬಿಳಿ ಮುಚ್ಚಳ ಜಾರಿಸಿದರೆ ಧೂಳು ಕೂಡುವ ಎರಡು ತೂತು ಕಾಣುತ್ತವೆ. ಕರೆಂಟು ಕಿತ್ತು, ವ್ಯಾಕ್ಯೂಮನ್ನು ಮೆಲ್ಲಗಿಟ್ಟು ಎಳೆದರೆ ಮುಗಿಯಿತು. ಚಿಪ್ಪಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಬಿಚ್ಚುವ ಉಮೇದು ಬೇಡ. ಅದರಡಿ ಇರುವುದು ಪೇಸ್ಟ್ ಅಲ್ಲ, ದ್ರವಲೋಹ. ಜಾರಿದರೆ ಬೋರ್ಡೇ ಶಾರ್ಟ್.

ಇಷ್ಟಾಗಿ 100 ಜಿಬಿ ಗೇಮು 40 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಐದೂವರೆ ತಾಸು ಬೇಕು. ನಡುವೆ ಕರೆಂಟು ಹೋದರೆ ಕಟ್ಟೆಗೆ ಬನ್ನಿ, ಅಲ್ಲಿ ಪಿಎಸ್ 6 ತಾರೀಖು ಮತ್ತೆ ಬದಲಾಗಿರುತ್ತದೆ. ನಿಮ್ಮ ಯುಪಿಎಸ್ ಬ್ಯಾಟರಿ ಎಂದು ಉಬ್ಬುತ್ತದೆ ಎಂಬ ಲೀಕ್ ಮಾತ್ರ ಯಾರ ಹತ್ತಿರವೂ ಇಲ್ಲ.