ಆಟೊಇಮ್ಯೂನ್ ಕಾಯಿಲೆಗೆ ಮುಖ್ಯ ಕಾರಣ ಜೀನ್‌ಗಳೇನಾ? ಪರ-ವಿರೋಧ

ಪರ: ಹೌದು, ಬೇರು ಇರುವುದೇ ಅಲ್ಲಿ

ನೇರವಾಗಿ ಹೇಳಿಬಿಡುತ್ತೇನೆ. ದೇಹ ಕಾಯಬೇಕಾದ ಕೋಶಗಳೇ ದೇಹದ ಮೇಲೆ ತಿರುಗಿಬೀಳುವ ಈ ಕಾಯಿಲೆಗಳಲ್ಲಿ ಮೊದಲ ಹೊಣೆ ಜೀನ್‌ಗಳದ್ದು. ಹೊಗೆ, ವೈರಸ್, ಊಟ ಎಲ್ಲಾ ಆಮೇಲಿನ ಮಾತು.

ಸಾಕ್ಷಿ ಬೇಕಾದರೆ ಫಾಕ್ಸ್‌ಪಿ3 ಜೀನ್ ನೋಡಿ. ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳಲ್ಲಿ ಟಿ-ರೆಗ್ ಅನ್ನುವ ಒಂದು ಪಂಗಡವಿದೆ. ಉಳಿದ ಕೋಶಗಳು ಮಿತಿ ಮೀರಿದರೆ ತಡೆಯುವುದು ಇವುಗಳ ಕೆಲಸ. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಇವನ್ನು ಗುರುತಿಸಿದರು. ಇವು ಸರಿಯಾಗಿ ಬೆಳೆಯಬೇಕಾದರೆ ಫಾಕ್ಸ್‌ಪಿ3 ಬೇಕೇ ಬೇಕು. ಅದು ಕೆಟ್ಟರೆ ಎಳೆಗೂಸಿಗೇ ಟೈಪ್ 1 ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಮೈತುಂಬಾ ಎಕ್ಸಿಮಾ. ಐಪೆಕ್ಸ್ ಅಂತ ಹೆಸರು, ಬರುವುದು ಗಂಡುಮಕ್ಕಳಿಗೆ, ಯಾಕಂದರೆ ಆ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಆ ಕೂಸು ಸಿಗರೇಟ್ ಸೇದಿತ್ತಾ? ಟೆನ್ಶನ್ ಮಾಡಿಕೊಂಡಿತ್ತಾ? ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಈ ಜೀನನ್ನು ಪತ್ತೆ ಮಾಡಿದರು. ಸಕಾಗುಚಿ ಜೊತೆ ಅವರಿಗೂ 2025ರ ನೊಬೆಲ್ ಬಂತು.

ಅದು ಅಪರೂಪದ ಕಾಯಿಲೆ ಅನ್ನುತ್ತೀರಾ? ಸರಿ, ಸಾಮಾನ್ಯ ಕಾಯಿಲೆಗಳಿಗೇ ಬರೋಣ. 2015ರ ಒಂದು ದೊಡ್ಡ ಅಧ್ಯಯನ ಇಂಥ ಕಾಯಿಲೆಗಳಿಗೆ ಕಾರಣವಾಗುವ ಡಿಎನ್‌ಎ ವ್ಯತ್ಯಾಸಗಳನ್ನು ಹುಡುಕಿತು. ಸುಮಾರು ಶೇ 90ರಷ್ಟು ಪ್ರೋಟೀನ್ ತಯಾರಿಸುವ ಭಾಗದಲ್ಲಿ ಇರಲೇ ಇಲ್ಲ. ಬಹಳಷ್ಟು ಇದ್ದಿದ್ದು ರೋಗನಿರೋಧಕ ಕೋಶಗಳಲ್ಲಿ ಜೀನ್‌ಗಳನ್ನು ಆನ್-ಆಫ್ ಮಾಡುವ ಜಾಗಗಳಲ್ಲಿ. ಅಂದರೆ ಜೀನ್‌ನ ಕೆಲಸ ಹೆಚ್ಚಾಗಿ ನಡೆಯುವುದು ಈ ಕೋಶಗಳ ಒಳಗೇ.

ಈಗ ನಮ್ಮ ಮನೆಗೆ ಬನ್ನಿ. ಅಮ್ಮನಿಗೆ ಹಾಶಿಮೊಟೊ ಥೈರಾಯ್ಡ್. ನನಗೆ ತೊನ್ನು. ಅಕ್ಕನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಎದ್ದರೆ ಅವಳ ಬೆರಳು ಮಡಿಸೋಕೆ ಬರುತ್ತಿರಲಿಲ್ಲ, ಪೇಸ್ಟಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತಿರುಗಿಸುತ್ತಿದ್ದಳು. ಆದರೆ ನೋಡೋಕೆ ಬಂದವರೆಲ್ಲ ಹುಡುಕಿದ್ದು ಅವಳ ತಪ್ಪನ್ನೇ: ನಿದ್ದೆ ಕೆಟ್ಟಿದ್ದಕ್ಕೆ ಬಂತು, ಸಿಟ್ಟು ಜಾಸ್ತಿ ಅದಕ್ಕೆ ಬಂತು, ಹಾಲು ಬಿಡು, ಗೋಧಿ ಬಿಡು, ಟೊಮೆಟೊ ಮುಟ್ಟಲೇಬೇಡ. ಅವಳು ಎಲ್ಲವನ್ನೂ ಬಿಟ್ಟಳು. ಕೊನೆಗೆ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೂ ಬಿಟ್ಟು ಪಥ್ಯ ಹಿಡಿದಳು. ಮತ್ತೆ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಬಲಗೈ ಮಣಿಕಟ್ಟಿನ ಮೂಳೆ ಸವೆದಿತ್ತು. ಔಷಧಿ ಮತ್ತೆ ಶುರುವಾಯಿತು, ಊತ ಇಳಿಯಿತು, ಸವೆದಿದ್ದು ಸವೆದ ಹಾಗೇ ಇದೆ.

ಒಂದೇ ಮನೆಯಲ್ಲಿ ಮೂರು ಬೇರೆ ಬೇರೆ ಕಾಯಿಲೆ. ಕಾಕತಾಳೀಯ ಅಂತ ನಾನು ನಂಬುವುದಿಲ್ಲ. ಪಿಟಿಪಿಎನ್22 ಅನ್ನುವ ಜೀನ್‌ನ ಒಂದು ರೂಪಕ್ಕೆ ರುಮಟಾಯ್ಡ್, ಥೈರಾಯ್ಡ್, ತೊನ್ನು ಮೂರರ ಜೊತೆಗೂ ನಂಟಿದೆ. ನಮ್ಮಲ್ಲಿರುವುದು ಅದೇ ಅನ್ನುತ್ತಿಲ್ಲ, ಟೆಸ್ಟ್ ಮಾಡಿಸಿಲ್ಲ. ಆದರೆ 'ಇದು ನಿಮ್ಮ ತಪ್ಪಲ್ಲ, ಮನೆತನದಲ್ಲೇ ಇದೆ' ಅಂತ ಡಾಕ್ಟರು ಹೇಳಿದ ದಿನ ಅಕ್ಕ ಎಷ್ಟೋ ಕಾಲದ ನಂತರ ಹೊಟ್ಟೆ ತುಂಬಾ ಉಂಡಳು.

ಎದುರಿನವರು ಅವಳಿಗಳ ಲೆಕ್ಕ ತೆಗೆಯುತ್ತಾರೆ, ಗೊತ್ತು. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ತಕ್ಷಣ ಊಟವೋ ಹೊಗೆಯೋ ಕಾರಣ ಆಗಿಬಿಡುತ್ತದಾ? ಟಿ ಕೋಶ ಯಾರ ಮೇಲೆ ಬೀಳಬೇಕೆಂದು ಗುರುತಿಸುವ ರಿಸೆಪ್ಟರ್‌ಗಳು ಜೀನ್ ತುಂಡುಗಳು ಅಡ್ಡಾದಿಡ್ಡಿ ಜೋಡಣೆಯಾಗಿ ಹುಟ್ಟುತ್ತವೆ. ತದ್ರೂಪಿ ಅವಳಿಗಳಲ್ಲೂ ಅವು ಒಂದೇ ಥರ ಇರುವುದಿಲ್ಲ. ಬರೀ ಅದೃಷ್ಟದ ಆಟವೂ ಇರಬಹುದು. ಅದನ್ನೂ ಪರಿಸರದ ಖಾತೆಗೇ ಹಾಕುತ್ತಾರೆ!

ವಿರೋಧ: ಜೀನ್ ಒಂದೇ ಸಾಲದು

ನನಗೆ ವಿರೋಧ ಬರೆಯಲು ಹೇಳಿದ್ದಾರೆ. ಜೀನ್‌ಗಳ ಪಾತ್ರ ದೊಡ್ಡದು ಅನ್ನುವುದನ್ನು ನಾನೂ ಒಪ್ಪುತ್ತೇನೆ, ಹಾಗಾಗಿ ಜಗಳಕ್ಕೆ ಬಂದಿಲ್ಲ. ಎಲ್ಲವನ್ನೂ ಹುಟ್ಟಿನ ತಲೆಗೇ ಕಟ್ಟಿ ಕೈಕಟ್ಟಿ ಕೂರುವುದಕ್ಕೆ ಮಾತ್ರ ನನ್ನ ತಕರಾರು.

ಅವಳಿಗಳಿಂದಲೇ ಶುರು ಮಾಡೋಣ. ರುಮಟಾಯ್ಡ್ ಇರುವ ಒಬ್ಬರ ತದ್ರೂಪಿ ಅವಳಿಗೂ ಅದೇ ಕಾಯಿಲೆ ಬರುವುದು ಸುಮಾರು ನೂರಕ್ಕೆ 15 ಸಲ. ಡಿಎನ್‌ಎ ಒಂದೇ, ಉಳಿದ 85 ಜನ ಆರಾಮಾಗಿದ್ದಾರೆ. ಇದಕ್ಕಿಂತ ಜಾಸ್ತಿ ಏನು ಹೇಳಬೇಕು? ಎದುರಿನವರು ಫಾಕ್ಸ್‌ಪಿ3 ಕತೆ ಹೇಳೇ ಹೇಳುತ್ತಾರೆ. ಅದು ತೀರಾ ಅಪರೂಪ, ಬಿಡಿ.

ಸಿಗರೇಟಿನ ವಿಷಯ ಮಾತ್ರ ಸ್ವಲ್ಪ ವಿವರವಾಗಿ ನೋಡಬೇಕು. ಹೊಗೆ ತಾಗಿದ ಶ್ವಾಸಕೋಶದಲ್ಲಿ ಕೆಲವು ಪ್ರೋಟೀನ್‌ಗಳಲ್ಲಿರುವ ಅರ್ಜಿನೈನ್ ಅನ್ನುವ ಅಮೈನೋ ಆಮ್ಲ ಸಿಟ್ರುಲಿನ್ ಆಗಿ ಬದಲಾಗುತ್ತದೆ. ಈ ಬದಲಾದ ಚೂರುಗಳನ್ನು ಕೆಲವು ಬಗೆಯ ಎಚ್‌ಎಲ್‌ಎ (ಕೋಶದ ಮೇಲಿರುವ, ಹುಟ್ಟಿನಿಂದ ಬಂದ ಜೀನ್ ರೂಪಿಸುವ ಪ್ರೋಟೀನ್‌ಗಳು) ಗಟ್ಟಿಯಾಗಿ ಹಿಡಿದು ಟಿ ಕೋಶಗಳಿಗೆ ತೋರಿಸುತ್ತವೆ. ಟಿ ಕೋಶ ಕೆರಳುತ್ತದೆ, ಬಿ ಕೋಶಕ್ಕೆ ಕುಮ್ಮಕ್ಕು ಕೊಡುತ್ತದೆ, ಅದು ಆಂಟಿಬಾಡಿ ತಯಾರಿಸುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಆಂಟಿ-ಸಿಸಿಪಿ ಅಂತ ಬರುವುದು ಇದೇ, ಎಷ್ಟೋ ಜನರಲ್ಲಿ ಗಂಟು ನೋವು ಶುರುವಾಗುವ ವರ್ಷಗಳ ಮೊದಲೇ ಇರುತ್ತದೆ. 2006ರ ಸ್ವೀಡನ್ ಅಧ್ಯಯನದಲ್ಲಿ ಆ ಬಗೆಯ ಎಚ್‌ಎಲ್‌ಎ ಜೀನ್‌ನ ಎರಡೂ ಪ್ರತಿ ಇದ್ದು ಸಿಗರೇಟೂ ಸೇದುವವರಿಗೆ ಈ ಆಂಟಿಬಾಡಿ ಇರುವ ರುಮಟಾಯ್ಡ್ ಬರುವ ಅಪಾಯ, ಜೀನೂ ಇಲ್ಲದ ಸಿಗರೇಟೂ ಇಲ್ಲದವರಿಗಿಂತ 21 ಪಟ್ಟು. ಇದರಲ್ಲಿ ಜೀನ್‌ನದೂ ಪಾಲಿದೆ, ಹೌದು. ಆದರೆ ಸಿಗರೇಟನ್ನು ಬಿಡಬಹುದು, ಎಚ್‌ಎಲ್‌ಎ ಬಿಡೋಕೆ ಆಗುತ್ತದಾ?

ಗೋಧಿಯ ಗ್ಲುಟೆನ್ ಅನ್ನುವ ಪ್ರೋಟೀನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇನ್ನೂ ಸ್ಪಷ್ಟ. ಅದಕ್ಕೆ ಬೇಕಾದ ಎಚ್‌ಎಲ್‌ಎ ಬಹಳ ಜನರಲ್ಲಿದೆ, ಕಾಯಿಲೆ ಬರುವುದು ಸ್ವಲ್ಪ ಜನಕ್ಕೆ. ಗ್ಲುಟೆನ್ ನಿಲ್ಲಿಸಿದರೆ ಆಂಟಿಬಾಡಿ ಇಳಿಯುತ್ತದೆ, ಕರುಳು ಸುಧಾರಿಸುತ್ತದೆ. ಜೀನ್ ಇದ್ದ ಹಾಗೇ ಇರುತ್ತದೆ.

ಮಿದುಳು, ಬೆನ್ನುಹುರಿಗೆ ಪೆಟ್ಟು ಕೊಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬಗ್ಗೆ 2022ರಲ್ಲಿ ಬಂದಿದ್ದು ನೋಡಿ. ಅಮೆರಿಕದ ಸೈನ್ಯದ ಒಂದು ಕೋಟಿ ಜನರ ದಾಖಲೆ ತೆಗೆದು ನೋಡಿದಾಗ ಎಪ್ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಅಪಾಯ 32 ಪಟ್ಟು ಏರಿತ್ತು. ಆ ವೈರಸ್ ಮನೆ ಮಾಡುವುದೂ ಬಿ ಕೋಶಗಳಲ್ಲೇ. ದೊಡ್ಡವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಅದು ತಗುಲಿರುತ್ತದೆ, ಕಾಯಿಲೆ ಬರುವುದು ಎಲ್ಲೋ ಕೆಲವರಿಗೆ ಅನ್ನುವುದು ನಿಜ, ಅದನ್ನು ಬೇಕಾದರೆ ಎದುರಿನವರು ಇಟ್ಟುಕೊಳ್ಳಲಿ.

ಇನ್ನೊಂದೇ ಒಂದು. ಅದೇ ವರ್ಷ ಪ್ರಕಟವಾದ ಅಮೆರಿಕದ ವೈಟಲ್ ಪ್ರಯೋಗದಲ್ಲಿ ಸುಮಾರು 26 ಸಾವಿರ ಜನರಿದ್ದರು, ಎಲ್ಲರೂ 50 ದಾಟಿದವರು. ಐದು ವರ್ಷ ದಿನಾ ವಿಟಮಿನ್ ಡಿ ತೆಗೆದುಕೊಂಡವರಲ್ಲಿ ಹೊಸದಾಗಿ ಆಟೊಇಮ್ಯೂನ್ ಕಾಯಿಲೆ ಬಂದಿದ್ದು ಶೇ 22ರಷ್ಟು ಕಡಿಮೆ. ಭಾರೀ ಅಂತರವೇನಲ್ಲ. ಆದರೂ ಯಾರ ಜೀನನ್ನೂ ಮುಟ್ಟದೆ ಸಿಕ್ಕಿದ್ದು ಅಲ್ವಾ?